ಮೇಕೆ ಹಾಲಿನ ನೀಲಿ ಚೀಸ್: ಹಾಲು ಕಾಯಿಸದೆ ಮಾಡಬಹುದಾ?

ಮಧುಗಿರಿ ಮೇಕೆಮನೆ
ಎಲ್ಲರಿಗೂ ನಮಸ್ಕಾರ. ಮಧುಗಿರಿ ಹತ್ತಿರದ ಹಳ್ಳಿ ನಮ್ಮದು. ಇಪ್ಪತ್ತೆರಡು ಮೇಕೆ ಇವೆ. ನಾಲ್ಕು ಬೀಟಲ್ ಮಿಶ್ರ ತಳಿ, ಮಿಕ್ಕಿದ್ದೆಲ್ಲ ನಾಟಿ. ಈಗ ಹಾಲು ಕೊಡುತ್ತಿರುವುದು ಒಂಬತ್ತು. ಮರಿ ಕುಡಿದು ಮಿಕ್ಕಿದ್ದು ದಿನಕ್ಕೆ ಐದಾರು ಲೀಟರ್ ಸಿಗುತ್ತದೆ. ಡೇರಿಗೆ ಹಾಕುವ ಹಾಗಿಲ್ಲ. ಊರಲ್ಲಿ ಕೂಸಿಗೆ, ಕೆಮ್ಮಿಗೆ ಅಂತ ಒಬ್ಬಿಬ್ಬರು ಒಯ್ಯುತ್ತಾರೆ ಅಷ್ಟೆ.

ಹೋದ ವರ್ಷ ಸ್ಪೇನಿನಲ್ಲಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪನ ಮಗ ಕಾಬ್ರಾಲೆಸ್ ಎಂಬ ಚೀಸ್ ತಂದಿದ್ದ. ಅಲ್ಲಿನ ಬೆಟ್ಟದ ಸೀಮೆಯಲ್ಲಿ ಹಸಿ ಹಾಲಿನಿಂದ ಮಾಡುತ್ತಾರೆ. ಹಸುವಿನ ಹಾಲು, ಕೆಲವು ಸಲ ಅದಕ್ಕೆ ಮೇಕೆ, ಕುರಿ ಹಾಲು ಬೆರೆಸುತ್ತಾರೆ. ಸುಣ್ಣಕಲ್ಲಿನ ಗವಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸುತ್ತಾರೆ. ಪೊಟ್ಟಣ ಬಿಚ್ಚಿದರೆ ಒಳಗೆಲ್ಲ ನೀಲಿ ಹಸಿರು ಗೆರೆ. ಅಮ್ಮ ಮೂಗು ಮುಚ್ಚಿಕೊಂಡು "ಬೂಷ್ಟು ಹಿಡಿದಿದೆ, ತಿಪ್ಪೆಗೆ ಹಾಕು" ಅಂದರು. ನಾನು ತಿಂದೆ. ಮೊದಲು ಉಪ್ಪು. ಆಮೇಲೆ ಮೆಣಸು ಕಡಿದ ಹಾಗೆ ನಾಲಿಗೆ ಚುರುಕ್ ಅಂತು. ಕೊನೆಗೆ ಬೆಣ್ಣೆ. ನುಂಗಿದ ಮೇಲೆ ಬಾಯಲ್ಲಿ ಉಳಿದದ್ದು ನಮ್ಮ ಮೇಕೆ ಹಟ್ಟಿಯ ವಾಸನೆ. ಅವತ್ತಿನಿಂದ ತಲೆಯಲ್ಲಿ ಇದೇ ಕೂತಿದೆ.

ಇದನ್ನು ಪೂರ್ತಿ ಮೇಕೆ ಹಾಲಿನಲ್ಲೇ ಮಾಡಬಹುದಾ? ಹಾಲು ಕಾಯಿಸದೆ? ನಮ್ಮ ಹೊಲದ ಅಂಚಿಗೆ ಬಂಡೆ ಸಂದಿನಲ್ಲಿ ಒಂದು ಸಣ್ಣ ಗವಿ ಇದೆ, ಅಲ್ಲೇ ಮಾಗಿಸಬಹುದಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತಿಪಟೂರು ತೆಂಗು
ನಮ್ಮ ಕಡೆ ಕೊಬ್ಬರಿಗೆ ಬೂಷ್ಟು ಬಂದರೆ ಹರಾಜಿನಲ್ಲಿ ಕೇಳುವವರೇ ಇರುವುದಿಲ್ಲ. ಇದನ್ನು ದುಡ್ಡು ಕೊಟ್ಟು ತಿನ್ನುತ್ತಾರಾ?

ಕೋಲಾರ ಅಡುಗೆಮನೆ
ತಿನ್ನುತ್ತಾರೆ ಅಣ್ಣ, ಆದರೆ ಕೊಬ್ಬರಿಯ ಬೂಷ್ಟು ಬೇರೆ, ಇದು ಬೇರೆ. ಇದರ ಹೆಸರು ಪೆನಿಸಿಲಿಯಮ್ ರಾಕ್‌ಫರ್ಟಿ. ಫ್ರಾನ್ಸಿನ ರೋಕ್‌ಫೋರ್ ಊರಿನಿಂದ ಬಂದ ಹೆಸರು. ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ ಇದನ್ನೂ ಹಾಲಿಗೆ ಬೇಕೆಂದೇ ಬೆರೆಸುತ್ತಾರೆ.

ಮಧುಗಿರಿ ತಮ್ಮಾ, ನಾನು ಮೂರು ವರ್ಷದಿಂದ ಮನೆಯಲ್ಲಿ ಹಸುವಿನ ಹಾಲಿನಲ್ಲಿ ಮಾಡುತ್ತಿದ್ದೇನೆ, ಮೇಕೆ ಹಾಲಿನಲ್ಲಿ ಎರಡು ಸಲ ಮಾಡಿದ್ದೇನೆ. ಹತ್ತು ಲೀಟರಿಗೆ ಹತ್ತಿರ ಹತ್ತಿರ ಒಂದು ಕೆಜಿ ಸಿಗುತ್ತದೆ. ಹಾಲು 30ರಿಂದ 32 ಡಿಗ್ರಿ ಇರಬೇಕು, ಬೆರಳು ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಚೀಸ್ ಹೆಪ್ಪು, ಚಿಟಿಕೆ ನೀಲಿ ಪುಡಿ (ಈ ಬೂಷ್ಟಿನದೇ ಪುಡಿ), ಒಂದು ಗಂಟೆ ಬಿಟ್ಟು ರೆನೆಟ್, ಅಂದರೆ ಹಾಲನ್ನು ಗಡ್ಡೆ ಕಟ್ಟಿಸುವ ಪದಾರ್ಥ. ಗಟ್ಟಿಯಾದ ಮೇಲೆ ಕಡಲೆಕಾಯಿ ಬೀಜದ ಗಾತ್ರಕ್ಕೆ ಕತ್ತರಿಸಿ, ಮೆಲ್ಲಗೆ ತಿರುಗಿಸುತ್ತಾ ನೀರು ಬಿಡಿಸಬೇಕು. ಆಮೇಲೆ ತೂತಿನ ಡಬ್ಬಿಗೆ ತುಂಬಬೇಕು. ಇಲ್ಲೇ ಎಲ್ಲರೂ ತಪ್ಪುವುದು. ಪನೀರ್ ಅಭ್ಯಾಸಕ್ಕೆ ಮೇಲೆ ಗುಂಡುಕಲ್ಲು ಇಟ್ಟುಬಿಡುತ್ತಾರೆ. ಇಡಬಾರದು. ಒಳಗೆ ಸಂದು ಉಳಿಯಬೇಕು, ನೀಲಿ ಓಡಾಡುವುದು ಆ ಸಂದಿನಲ್ಲೇ. ತನ್ನ ಭಾರಕ್ಕೆ ತಾನೇ ಕೂರಲಿ, ಎರಡು ದಿನ ಆಗಾಗ ಮಗುಚಿ ಹಾಕಿ. ಮೇಲೆಲ್ಲ ಉಪ್ಪು ಸವರಿ. ವಾರ ಹತ್ತು ದಿನಕ್ಕೆ ದಪ್ಪ ಸೂಜಿಯಿಂದ ಚುಚ್ಚಿ, ಗಾಳಿ ಒಳಗೆ ಹೋಗಲಿ. ಈ ಬೂಷ್ಟಿಗೆ ಗಾಳಿ ಸ್ವಲ್ಪ ಸಾಕು, ಪೂರ್ತಿ ಇಲ್ಲದಿದ್ದರೆ ಬಣ್ಣ ಬರುವುದಿಲ್ಲ.

ಮೇಕೆ ಹಾಲಿನ ಗಡ್ಡೆ ತುಂಬಾ ಮೆತ್ತಗೆ. ಕೈ ಜೋರಾದರೆ ನುಚ್ಚು ನುಚ್ಚಾಗಿ ಅರ್ಧ ನೀರಿಗೆ ಹೋಗುತ್ತದೆ. ನನ್ನ ಮೊದಲನೆಯದು ಹಾಗೇ ಹೋಯಿತು, ಹತ್ತು ಲೀಟರಿಗೆ ಆರುನೂರು ಗ್ರಾಂ ಬಂತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ನನಗೇ ಅಳು ಬಂತು.

ಪಾವಗಡ ಬಿಸಿಲು
ಪುಡಿ ಯಾಕೆ ಅಕ್ಕ? ಬ್ರೆಡ್ಡಿನ ಮೇಲೆ ಬೂಷ್ಟು ಬೆಳೆಸಿ ಅದನ್ನೇ ಪುಡಿ ಮಾಡಿ ಹಾಕುವುದನ್ನು ವೀಡಿಯೊದಲ್ಲಿ ನೋಡಿದ್ದೇನೆ. ಹಿಂದೆ ಅವರು ಹಾಗೇ ಮಾಡುತ್ತಿದ್ದರಂತೆ.

ಗೌರಿಬಿದನೂರು ಹಾಲು
ಮಾಡುತ್ತಿದ್ದರು, ನಿಜ. ಆದರೆ ಅವರ ಗವಿಯಲ್ಲಿ ನೂರಾರು ವರ್ಷದಿಂದ ಅದೇ ಬೂಷ್ಟು ನೆಲೆ ನಿಂತಿತ್ತು. ನಮ್ಮ ಮನೆ ಬ್ರೆಡ್ಡಿನ ಮೇಲೆ ಬರುವುದು ಯಾವುದು ಅಂತ ಕಣ್ಣಿನಲ್ಲಿ ನೋಡಿ ಹೇಳಲು ಆಗುವುದಿಲ್ಲ. ನೀವು ಪಾವಗಡದವರು, ಕಡಲೆಕಾಯಿಗೆ ಬೂಷ್ಟು ಬಂದರೆ ಏನು ಅಂತ ನಿಮಗೇ ಜಾಸ್ತಿ ಗೊತ್ತು. ಆಫ್ಲಾಟಾಕ್ಸಿನ್. ಲಿವರ್ ಹಾಳು ಮಾಡುವ ವಿಷ ಅದು. ಕುದಿಸಿದರೂ ಹೋಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮೇಕೆಗೆ ಹಾಕಿದರೆ ಹಾಲಿಗೂ ಇಳಿಯುತ್ತದೆ. ಪುಡಿಯನ್ನು ಕೊಂಡೇ ತನ್ನಿ.

ನಾನು ಹಾಲಿನ ಘಟಕವೊಂದರಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು, ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಪಾವಗಡ ಬಿಸಿಲು
ಸರಿ ಸಾರ್, ಒಪ್ಪಿದೆ. ಹಿಂಡಿಯ ವಿಷಯ ಗೊತ್ತಿರಲಿಲ್ಲ. ನಮ್ಮಲ್ಲಿ ಕಪ್ಪಾದದ್ದನ್ನು ದನಕ್ಕೆ ಹಾಕಿಬಿಡುತ್ತಾರೆ.

ಅಂತರಗಂಗೆ ಮೆಟ್ಟಿಲು
ಗವಿಗೆ ಏನು ಕಮ್ಮಿ? ನಮ್ಮ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬೇಕಾದಷ್ಟು ಗವಿ ಇವೆ. ಮೇ ತಿಂಗಳಲ್ಲಿ ಒಳಗೆ ಹೋದರೆ ತಣ್ಣಗೆ ಹಾಯಾಗಿರುತ್ತದೆ. ಸ್ಪೇನಿನವರು ಗವಿಯಲ್ಲಿ ಮಾಡಿದರೆ ನಾವು ಯಾಕೆ ಮಾಡಬಾರದು?

ಗೌರಿಬಿದನೂರು ಹಾಲು
ಹೊರಗೆ 37 ಇದ್ದಾಗ ಒಳಗೆ 26 ಇದ್ದರೂ ಮೈಗೆ ಹಾಯೆನಿಸುತ್ತದೆ. ಚೀಸಿಗೆ ಅದು ಬೇಸಿಗೆಯೇ. ಆಳದ ಗವಿಯ ಬಿಸಿ ಸುಮಾರಾಗಿ ಆ ಊರಿನ ಇಡೀ ವರ್ಷದ ಸರಾಸರಿಗೆ ಬಂದು ನಿಲ್ಲುತ್ತದೆ. ಕಾಬ್ರಾಲೆಸ್ ಇರುವುದು ಚಳಿಯ ಬೆಟ್ಟದಲ್ಲಿ, ಆದ್ದರಿಂದ ಅಲ್ಲಿ 10 ಡಿಗ್ರಿ ಆಸುಪಾಸು. ಗಾಳಿಯ ತೇವ ನೂರಕ್ಕೆ 90ರ ಹತ್ತಿರ. ನಮ್ಮ ಬಯಲುಸೀಮೆಯ ಸರಾಸರಿ 24 ಅಂತ ಇಟ್ಟುಕೊಳ್ಳಿ. ಅಷ್ಟು ಬಿಸಿಯಲ್ಲಿ ಅದು ಮಾಗುವುದಿಲ್ಲ, ಕೊಳೆಯುತ್ತದೆ. ನಮ್ಮದು ಕರಿಕಲ್ಲು ಬಂಡೆ ಬೇರೆ. ಬಂಡೆ ಸಂದಿನ ಗವಿಗೆ ಹಗಲು ಬಿಸಿಲು, ರಾತ್ರಿ ಗಾಳಿ ಎರಡೂ ಬಡಿಯುತ್ತವೆ.

ಶ್ರೀನಿವಾಸಪುರ ಮಾವು
ಹಗೇವು? ನಮ್ಮ ಅಜ್ಜನ ಮನೆಯಲ್ಲಿ ರಾಗಿ ಹಗೇವು ಇನ್ನೂ ಇದೆ. ನೆಲದೊಳಗೆ, ಕತ್ತಲು, ಗಾಳಿ ಬೆಳಕು ಏನೂ ಇಲ್ಲ. ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತಿತ್ತು.

ಕೋಲಾರ ಅಡುಗೆಮನೆ
ಹಗೇವಿಗೆ ಮಾತ್ರ ಕೈ ಹಾಕಬೇಡಿ! ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರಿದ್ದಾರೆ. ಹಿಂದೆ ಬಾಯಿ ತೆಗೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ರಾಗಿ ಕೆಡದೆ ಇದ್ದದ್ದೇ ಉಸಿರು ಇಲ್ಲದ್ದಕ್ಕೆ. ಈ ಬೂಷ್ಟಿಗೆ ಉಸಿರು ಬೇಕು.

ನಾನು ಮಾಡುವುದು ಸುಲಭ. ಹಳೆ ಒಂದು ಬಾಗಿಲ ಫ್ರಿಜ್. ಹೊರಗಿನಿಂದ ಒಂದು ಥರ್ಮೋಸ್ಟ್ಯಾಟ್ ಜೋಡಿಸಿ 11 ಡಿಗ್ರಿಗೆ ನಿಲ್ಲಿಸಿದ್ದೇನೆ. ಚೀಸನ್ನು ಮುಚ್ಚಳದ ಡಬ್ಬಿಯಲ್ಲಿ ಬಿದಿರಿನ ಚಾಪೆ ತುಂಡಿನ ಮೇಲೆ ಇಡುತ್ತೇನೆ, ಮೂಲೆಯಲ್ಲಿ ಒದ್ದೆ ಬಟ್ಟೆ. ದಿನಾ ಮುಚ್ಚಳ ತೆಗೆದು ಗಾಳಿಯಾಡಿಸಿ, ಮಗುಚಿ, ಒಳಗಿನ ನೀರು ಒರೆಸುವುದು. ಕರೆಂಟು ಮೂರು ನಾಲ್ಕು ಗಂಟೆ ಹೋದರೂ ಬಾಗಿಲು ತೆಗೆಯದಿದ್ದರೆ ತೊಂದರೆ ಇಲ್ಲ. ಎರಡೂವರೆ ತಿಂಗಳು.

ಶ್ರೀನಿವಾಸಪುರ ಮಾವು
ದೀಪ ಇಳಿಸುವುದನ್ನು ಅಜ್ಜಿಯೂ ಹೇಳುತ್ತಿದ್ದರು. ಮರೆತೇ ಹೋಗಿತ್ತು ನೋಡಿ.

ಶಿರಾ ಪಶುವೈದ್ಯ
ಎಲ್ಲ ಓದಿದೆ. ಬೂಷ್ಟು, ಗವಿ, ಫ್ರಿಜ್ ಆಯಿತು. ಮೊದಲು ಕೇಳಬೇಕಾದ ಪ್ರಶ್ನೆ ಯಾರೂ ಕೇಳಿಲ್ಲ. ಮಧುಗಿರಿಯವರೇ, ನಿಮ್ಮ ಮೇಕೆಗಳಲ್ಲಿ ಯಾವುದಾದರೂ ದಿನ ತುಂಬುವ ಮೊದಲೇ ಕಂದು ಹಾಕಿದೆಯಾ?

ಮಧುಗಿರಿ ಮೇಕೆಮನೆ
ಹೋದ ವರ್ಷ ಒಂದು ಹಾಕಿತ್ತು ಡಾಕ್ಟ್ರೇ. ನಾಲ್ಕು ತಿಂಗಳಿಗೆ. ಹೋತಗಳ ಗುದ್ದಾಟದಲ್ಲಿ ಪೆಟ್ಟು ಬಿದ್ದಿರಬೇಕು ಅಂದುಕೊಂಡೆವು.

ಶಿರಾ ಪಶುವೈದ್ಯ
ಪೆಟ್ಟು ಇರಬಹುದು. ಕಂದು ರೋಗವೂ ಇರಬಹುದು. ಅದನ್ನು ತರುವ ಬ್ಯಾಕ್ಟೀರಿಯದ ಹೆಸರು ಬ್ರೂಸೆಲ್ಲ. ಮೇಕೆ ಕುರಿಯಲ್ಲಿ ಬರುವ ಬ್ರೂಸೆಲ್ಲ ಮೆಲಿಟೆನ್ಸಿಸ್ ಮನುಷ್ಯರಿಗೆ ಎಲ್ಲಕ್ಕಿಂತ ಕೆಟ್ಟದು. ಹಸಿ ಹಾಲಿನಿಂದ ಬರುತ್ತದೆ, ಕಂದು, ಸತ್ತೆ (ಮಾಸು) ಮುಟ್ಟಿದ ಕೈಯಿಂದಲೂ ಬರುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಸೈನಿಕರ ಜ್ವರಕ್ಕೆ ಈ ಜೀವಿ ಕಾರಣ ಅಂತ ಡೇವಿಡ್ ಬ್ರೂಸ್ ಕಂಡುಹಿಡಿದರು. ಅದು ಬರುತ್ತಿರುವುದು ಮೇಕೆಯಿಂದ ಅಂತ 1905ರಲ್ಲಿ ತೆಮಿಸ್ಟೋಕ್ಲಿಸ್ ಝಮಿಟ್ ತೋರಿಸಿದರು. ಆ ಮೇಕೆಗಳು ನೋಡಲು ಗಟ್ಟಿಮುಟ್ಟಾಗಿದ್ದವು. ಅದೇ ಇದರ ಕಷ್ಟ. ಕೆಚ್ಚಲು ಚೆನ್ನಾಗಿರುತ್ತದೆ, ಹಾಲು ಚೆನ್ನಾಗಿರುತ್ತದೆ, ಮೇಕೆ ಮೇಯುತ್ತಿರುತ್ತದೆ.

2019ರಲ್ಲಿ ಶುರುವಾದ ಕೇಂದ್ರದ ಲಸಿಕೆ ಕಾರ್ಯಕ್ರಮದಲ್ಲಿ ಇದರ ಲಸಿಕೆ ಹಾಕುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ದನ ಎಮ್ಮೆಗೆ. ಮೇಕೆಗಳಿಗಲ್ಲ. ಆದ್ದರಿಂದ ಪರೀಕ್ಷೆಯೊಂದೇ ದಾರಿ. ಎಲ್ಲದರ ರಕ್ತ ತೆಗೆಸಿ ರೋಸ್ ಬೆಂಗಾಲ್ ಪರೀಕ್ಷೆ ಮಾಡಿಸಿ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ, ಬೆಂಗಳೂರಿನ ಹೆಬ್ಬಾಳದ ಸಂಸ್ಥೆಗೆ ಕಳಿಸಲು ದಾರಿ ಹೇಳುತ್ತಾರೆ.

ನಂದಿ ತಪ್ಪಲು
ಡಾಕ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಸ್ವಲ್ಪ ಹೆದರಿಸುತ್ತಿದ್ದೀರಿ. ಫ್ರಾನ್ಸಿನ ರೋಕ್‌ಫೋರ್ ನೀಲಿ ಚೀಸ್ ಮಾಡುವುದೇ ಹಸಿ ಕುರಿ ಹಾಲಿನಿಂದ. ಕಾಯಿಸಿದರೆ ಆ ಹೆಸರು ಇಡುವ ಹಾಗೇ ಇಲ್ಲ, ಅಲ್ಲಿನ ಕಾನೂನೇ ಹಾಗಿದೆ. 1411ರಲ್ಲೇ ಆ ಊರಿನವರಿಗೆ ರಾಜ ಹಕ್ಕುಪತ್ರ ಕೊಟ್ಟಿದ್ದ. ಹಾಲಿನಲ್ಲಿರುವ ಆ ಊರಿನ ಸೂಕ್ಷ್ಮಜೀವಿಗಳಿಂದಲೇ ರುಚಿ. ಕಾಯಿಸಿದರೆ ಜಾಲಿಕಾಯಿ ಮೇಯ್ದ ಮೇಕೆ ಹಾಲಿಗೂ ಪೊಟ್ಟಣದ ಹಾಲಿಗೂ ಏನು ವ್ಯತ್ಯಾಸ ಉಳಿಯುತ್ತದೆ? ನಮ್ಮಲ್ಲಿ ನಂದಿದುರ್ಗ ಅಂತ ಸ್ವಂತ ತಳಿ ಇದೆ. ಅದರ ಹಾಲಿನ ರುಚಿ ಏನು ಅಂತ ಯಾರೂ ನೋಡಿಯೇ ಇಲ್ಲ. ಅಮೆರಿಕದಲ್ಲೂ ಹಸಿ ಹಾಲಿನ ಚೀಸ್ 60 ದಿನ ಮಾಗಿಸಿದರೆ ಮಾರಬಹುದು. 60 ದಿನ ಇಟ್ಟರೆ ಆಯಿತಲ್ಲ?

ಗೌರಿಬಿದನೂರು ಹಾಲು
ಇಲ್ಲೇ ಎಲ್ಲರೂ ಮೋಸ ಹೋಗುವುದು. 60 ದಿನದ ಲೆಕ್ಕ ಹುಟ್ಟಿದ್ದು ಗಟ್ಟಿ ಚೀಸುಗಳ ಅನುಭವದಿಂದ. ಅವು ಒಣಗುತ್ತವೆ, ಹುಳಿಯಾಗಿಯೇ ಉಳಿಯುತ್ತವೆ. ನೀಲಿ ಚೀಸಿನಲ್ಲಿ ಉಲ್ಟಾ. ಮೊದಲು ಹುಳಿ ಇರುತ್ತದೆ. ಬೂಷ್ಟು ಬೆಳೆದಂತೆ ಆ ಹುಳಿಯನ್ನೇ ತಿಂದುಹಾಕುತ್ತದೆ, ಪ್ರೋಟೀನ್ ಒಡೆದು ಅಮೋನಿಯ ಬಿಡುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಮ್ಮಿ) 4.6ರ ಆಸುಪಾಸು ಇದ್ದದ್ದು 6 ದಾಟುತ್ತದೆ. ಆಗ ಲಿಸ್ಟೀರಿಯದಂಥ ರೋಗ ತರುವ ಬ್ಯಾಕ್ಟೀರಿಯಕ್ಕೆ ಒಳ್ಳೆ ಜಾಗ. ಅದು ಫ್ರಿಜ್ಜಿನ ತಣ್ಣಗೂ ಬೆಳೆಯುತ್ತದೆ. ಬಸುರಿಯರಿಗೆ ಬಂದರೆ ಮಗುವಿಗೇ ಅಪಾಯ. ದಿನ ಕಳೆದಷ್ಟೂ ಭಯ ಕಮ್ಮಿ ಅನ್ನುವ ಮಾತು ಈ ಚೀಸಿಗೆ ನಡೆಯುವುದಿಲ್ಲ.

ರೋಕ್‌ಫೋರ್ ಮಾತು ನಿಜ. ಆದರೆ ಅಲ್ಲಿ ಮಂದೆಗಳ ಪರೀಕ್ಷೆ ಇದೆ, ಹಾಲಿನ ಪರೀಕ್ಷೆ ಇದೆ, ಚೀಸಿನ ಪರೀಕ್ಷೆ ಇದೆ. ಅಷ್ಟೆಲ್ಲ ಮಾಡಿ ಹಸಿ ಹಾಲು ಬಳಸುತ್ತಾರೆ. ಇಂಗ್ಲೆಂಡಿನ ಸ್ಟಿಲ್ಟನ್ ಇದೆಯಲ್ಲ, ಅದೂ ನೀಲಿಯೇ, ಅದಕ್ಕೆ ಪಾಶ್ಚರೀಕರಿಸಿದ, ಅಂದರೆ ಹದವಾಗಿ ಕಾಯಿಸಿ ರೋಗಾಣು ಕೊಂದ ಹಾಲೇ ಆಗಬೇಕು ಅಂತ ನಿಯಮ. ಯಾರೂ ಅದನ್ನು ಸಪ್ಪೆ ಅನ್ನುವುದಿಲ್ಲ.

ನಂದಿ ತಪ್ಪಲು
ಪಿಎಚ್ ಏರುವ ವಿಷಯ ನನಗೆ ಗೊತ್ತಿರಲಿಲ್ಲ. 60 ದಿನದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಪರೀಕ್ಷೆ ಮಾಡಿಸಿದ ಮಂದೆಯ ಹಸಿ ಹಾಲಿನ ಚೀಸ್ ಒಂದು ದಿನ ನಮ್ಮ ಜಿಲ್ಲೆಯಲ್ಲೂ ಆಗಬೇಕು. ಆ ಆಸೆ ಬಿಡುವುದಿಲ್ಲ.

ಚಿಂತಾಮಣಿ ಮಗಳು
ಡಾಕ್ಟ್ರು ಹೆದರಿಸುತ್ತಿಲ್ಲ. ನಮ್ಮ ಅಪ್ಪನಿಗೆ ಇದೇ ಬಂದಿತ್ತು. ಕುರಿ ಮೇಕೆ ಸಾಕುವವರು ನಾವು. ಸಂಜೆ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಬೆಳಿಗ್ಗೆ ಏನೂ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ. ಸೊಂಟ ಹಿಡಿದುಕೊಂಡು ಹಟ್ಟಿಗೆ ನಡೆಯಲೂ ಆಗುತ್ತಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಅಂದರು, ಎರಡು ತಿಂಗಳು ಅದಕ್ಕೇ ಔಷಧಿ. ಐದು ತಿಂಗಳ ಮೇಲೆ ಬೇರೆ ಕಡೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರು "ಮನೆಯಲ್ಲಿ ಏನು ಸಾಕಿದ್ದೀರಿ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆರು ವಾರ ಮಾತ್ರೆ ನುಂಗಿದ ಮೇಲೆ ಹೋಯಿತು. ಸೊಂಟ ನೋವು ಪೂರ್ತಿ ಹೋಗಿಲ್ಲ.

ಮೇಕೆ ಸಾಕುವವರು ಜ್ವರ ಅಂತ ಹೋದಾಗ ನೀವೇ ಬಾಯಿ ಬಿಟ್ಟು ಹೇಳಿ, ನಮ್ಮ ಮನೆಯಲ್ಲಿ ಮೇಕೆ ಇವೆ ಅಂತ.

ಮಧುಗಿರಿ ಮೇಕೆಮನೆ
ಅಕ್ಕ, ಇದನ್ನು ಓದಿ ಕೈ ಕಾಲು ತಣ್ಣಗಾಯಿತು. ಹೋದ ವರ್ಷ ಆ ಕಂದನ್ನು ಬರಿಗೈಯಲ್ಲಿ ಎತ್ತಿ ಹಾಕಿದ್ದು ಅಮ್ಮ. ಅವರಿಗೆ ಮಂಡಿ ನೋವು ಅಂತ ನಾವು ಎಣ್ಣೆ ಹಚ್ಚುತ್ತಿದ್ದೇವೆ.

ಶಿರಾ ಪಶುವೈದ್ಯ
ಗಾಬರಿ ಬೇಡ. ಮಂಡಿ ನೋವಿಗೆ ನೂರು ಕಾರಣ ಇರುತ್ತವೆ. ಆದರೆ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿ.

ತಿಪಟೂರು ತೆಂಗು
ಮಧ್ಯೆ ಬಂದೆ, ಕ್ಷಮಿಸಿ. ಗಾಂಧೀಜಿ ಹಸಿ ಮೇಕೆ ಹಾಲು ಕುಡಿಯುತ್ತಿದ್ದರು ಅಲ್ವಾ? ನಂದಿ ಬೆಟ್ಟದಲ್ಲಿ ಇದ್ದಾಗಲೂ?

ನಂದಿ ತಪ್ಪಲು
ಮೇಕೆ ಹಾಲು ಕುಡಿಯುತ್ತಿದ್ದುದು ನಿಜ. ಹಸು ಎಮ್ಮೆ ಹಾಲು ಬಿಟ್ಟಿದ್ದರು. 1927ರಲ್ಲಿ ಮೈ ಹುಷಾರಿಲ್ಲದೆ ನಂದಿಗೆ ಬಂದು ಉಳಿದಿದ್ದರು, 1936ರಲ್ಲಿ ಇನ್ನೊಮ್ಮೆ. ಆಗ ನಂದಿ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ.

ಅಂತರಗಂಗೆ ಮೆಟ್ಟಿಲು
ಹಾಗಾದರೆ ಗಾಂಧೀಜಿ ನಮ್ಮ ಕೋಲಾರಕ್ಕೇ ಬಂದದ್ದು ಅನ್ನಿ.

ಗುಬ್ಬಿ ಗೃಹಿಣಿ
ರೆನೆಟ್ ಅಂದರೆ ಕರುವಿನ ಹೊಟ್ಟೆಯಿಂದ ತೆಗೆಯುವುದಲ್ವಾ? ನಾವು ಸಸ್ಯಾಹಾರಿಗಳು. ಅದಿಲ್ಲದೆ ಆಗುವುದಿಲ್ಲವಾ? ನಿಂಬೆಹಣ್ಣು ಹಿಂಡಿದರೆ?

ಕೋಲಾರ ಅಡುಗೆಮನೆ
ನಿಂಬೆ ಹಿಂಡಿ ಬಿಸಿ ಹಾಲು ಒಡೆದರೆ ಪನೀರ್ ಆಗುತ್ತದೆ, ಇದಾಗುವುದಿಲ್ಲ. ಗಿಣ್ಣದ ಹಾಗೆ ಒಂದೇ ಗಡ್ಡೆ ನಿಲ್ಲಬೇಕು. ಹಳೆ ಕಾಲದ್ದು ಕರು, ಕುರಿಮರಿಯ ಹೊಟ್ಟೆಯದೇ. ಈಗ ಶಿಲೀಂಧ್ರದಿಂದ ತೆಗೆದ ರೆನೆಟ್ ಸಿಗುತ್ತದೆ, ನಾನೂ ಅದನ್ನೇ ಹಾಕುವುದು. ಡಬ್ಬಿಯ ಮೇಲೆ ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ. ಸ್ವಲ್ಪ ಜಾಸ್ತಿ ಆದರೆ ಕಹಿ ಬರುತ್ತದೆ, ಹನಿ ಎಣಿಸಿ ಹಾಕಿ.

ಇನ್ನೊಂದು ಮಾತು. ಹಟ್ಟಿಯ ವಾಸನೆ ಬಂತು ಅಂದಿರಲ್ಲ ತಮ್ಮಾ, ಅದು ಹದದಲ್ಲಿದ್ದರೆ ಚೆಂದ. ಮೇಕೆ ಹಾಲಿನ ಕೊಬ್ಬಿನಲ್ಲೇ ಅದರ ಬೀಜ ಇದೆ. ಕ್ಯಾಪ್ರಿಕ್, ಕ್ಯಾಪ್ರಿಲಿಕ್ ಅಂತ ಆಮ್ಲಗಳ ಹೆಸರೇ ಮೇಕೆಯಿಂದ ಬಂದಿದೆ. ಬೂಷ್ಟು ಕೊಬ್ಬನ್ನು ಒಡೆದಾಗ ಅವು ಹೊರಗೆ ಬರುತ್ತವೆ. ಆದರೆ ಹೋತವನ್ನು ಹಾಲು ಕರೆಯುವ ಜಾಗದ ಪಕ್ಕ ಕಟ್ಟಿದ್ದರೆ ಹಾಲಿಗೇ ಗಬ್ಬು ಹತ್ತುತ್ತದೆ. ಚೀಸಿನಲ್ಲಿ ಅದು ನಾಲ್ಕು ಪಟ್ಟು. ನನ್ನ ಎರಡನೆಯದು ಹಾಗೇ ಕೆಟ್ಟಿತು. ಹೋತವನ್ನು ಮೊದಲು ದೂರ ಕಟ್ಟಿ.

ಮಧುಗಿರಿ ಮೇಕೆಮನೆ
*(ಏಳು ವಾರದ ನಂತರ)*
ಎಲ್ಲರಿಗೂ ಹೇಳಬೇಕು ಅಂತ ಬಂದೆ. ಇಪ್ಪತ್ತೆರಡರ ರಕ್ತವೂ ಹೋಗಿತ್ತು. ಎರಡು ಪಾಸಿಟಿವ್. ಇನ್ನೊಂದು ಪರೀಕ್ಷೆಯಲ್ಲೂ ಅದೇ ಬಂತು. ಒಂದು ಕಂದು ಹಾಕಿದ ನಾಟಿ ಮೇಕೆ. ಇನ್ನೊಂದು ಬೀಟಲ್, ದಿನಕ್ಕೆ ಒಂದೂವರೆ ಲೀಟರ್ ಕೊಡುತ್ತಿದ್ದದ್ದು. ಮನೆಯಲ್ಲಿ ಅತಿ ಮುದ್ದಿನದು ಅದೇ.

ಅಮ್ಮನ ರಕ್ತದಲ್ಲಿ ಏನೂ ಇಲ್ಲ. ಮಂಡಿ ನೋವು ಸವೆತದ್ದಂತೆ.

ಪಾವಗಡ ಬಿಸಿಲು
ಅಮ್ಮನ ಸುದ್ದಿ ಕೇಳಿ ಸಮಾಧಾನ ಆಯಿತು. ಆ ಎರಡನ್ನು ಅಕ್ಕಿರಾಂಪುರ ಸಂತೆಗೆ ಹೊಡೆದುಬಿಡಿ. ಬೀಟಲ್‌ಗೆ ಒಳ್ಳೆ ರೇಟು ಬರುತ್ತದೆ, ಸುಮ್ನೆ ನಷ್ಟ ಯಾಕೆ?

ಚಿಂತಾಮಣಿ ಮಗಳು
ಅಣ್ಣ, ನಮ್ಮ ಅಪ್ಪ ತಂದ ಮೇಕೆಯೂ ಹಾಗೆ ಯಾರೋ ಸಂತೆಗೆ ಹೊಡೆದದ್ದೇ ಇರಬೇಕು.

ಶಿರಾ ಪಶುವೈದ್ಯ
ದಯವಿಟ್ಟು ಬೇಡ. ಕೊಂಡವನ ಹಟ್ಟಿಗೂ ರೋಗ ಹೋಗುತ್ತದೆ, ಅಲ್ಲೂ ಮೇಕೆಗಳು ಕಂದು ಹಾಕಬಹುದು. ಔಷಧಿ ಕೊಟ್ಟು ವಾಸಿ ಮಾಡುವ ಕಾಯಿಲೆ ಅಲ್ಲ ಇದು ಮೇಕೆಗಳಲ್ಲಿ.

ಪಾವಗಡ ಬಿಸಿಲು
ತಪ್ಪಾಯಿತು ಅಕ್ಕ. ದುಡ್ಡಿನ ಲೆಕ್ಕದಲ್ಲೇ ಹೇಳಿಬಿಟ್ಟೆ.

ಮಧುಗಿರಿ ಮೇಕೆಮನೆ
ಸಂತೆಗೆ ಹೊಡೆಯಲಿಲ್ಲ. ನಮ್ಮ ಪಶು ಆಸ್ಪತ್ರೆಯವರು ಬಂದು ನೋಡಿಕೊಂಡರು, ಎರಡನ್ನೂ ಹೊಲದ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಉಳಿದ ಇಪ್ಪತ್ತಕ್ಕೆ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಹಸಿ ಹಾಲಿನ ಮಾತೇ ಇಲ್ಲ.

ಚೀಸ್ ಮಾತ್ರ ನಿಲ್ಲಿಸಿಲ್ಲ. ಮೂರು ವಾರದ ಹಿಂದೆ ಎರಡು ದಿನದ ಹಾಲು ಸೇರಿಸಿ ಹತ್ತು ಲೀಟರ್ ಮಾಡಿದೆ. 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ, ಅಕ್ಕ ಹೇಳಿದ ಹಾಗೇ ಮಾಡಿದೆ. ಒಂಬೈನೂರು ಗ್ರಾಂ ಬಂತು. ಹತ್ತನೇ ದಿನ ಛತ್ರಿ ಕಡ್ಡಿ ಕುದಿಸಿ ಅದರಿಂದ ಚುಚ್ಚಿದೆ. ಇವತ್ತು ತೂತಿನ ಬಾಯಲ್ಲಿ ನೀಲಿ ಕಾಣುತ್ತಿದೆ. ಆದರೆ ಹೊರಗೆ ಒಂದು ಕಡೆ ಕೆಂಪಗೆ ಅಂಟಂಟು ಬಂದಿದೆ. ಏನು ಮಾಡಲಿ?

ಕೋಲಾರ ಅಡುಗೆಮನೆ
ಡಬ್ಬಿಯಲ್ಲಿ ತೇವ ಜಾಸ್ತಿ ಆಗಿದೆ. ಒದ್ದೆ ಬಟ್ಟೆ ತೆಗೆದುಬಿಡಿ. ಉಪ್ಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಆ ಜಾಗ ಒರೆಸಿ, ಎರಡು ದಿನ ಮುಚ್ಚಳ ಸ್ವಲ್ಪ ಓರೆ ಇಡಿ. ವಾಸನೆ ಹೇಗಿದೆ?

ಮಧುಗಿರಿ ಮೇಕೆಮನೆ
ಅಣಬೆಯ ಹಾಗೆ. ಸ್ವಲ್ಪ ಹಟ್ಟಿಯ ಹಾಗೆ. ಹೋತವನ್ನು ಬೇವಿನ ಮರದ ಆಚೆ ಕಟ್ಟಿದ್ದೇನೆ ಅಕ್ಕ.

ಕೋಲಾರ ಅಡುಗೆಮನೆ
ಹಾಗಾದರೆ ಸರಿಯಾಗೇ ಇದೆ. ಇನ್ನು ಐವತ್ತು ದಿನ ಕತ್ತರಿಸಬೇಡಿ.